ಕೇಸು ಹಾಕುವ ಮೊದಲು ಕಾಗದ ಕೈಗೆ ಬರಲಿ
ನೀಲಗಿರಿಯಲ್ಲಿ ಕಟ್ಟಡ ಕೆಲಸ ಕೆಟ್ಟಾಗ ಎದುರು ಪಕ್ಷದ ದಾಖಲೆ ಪಡೆಯುವ ದಾರಿಗಳು

ನೀಲಗಿರಿಯಲ್ಲಿ ಮನೆ ಕಟ್ಟಿಸಿದವರ ಗೋಳು ಹೆಚ್ಚಾಗಿ ಮೊದಲ ಮಳೆಗಾಲ ಕಳೆದ ಮೇಲೆ ಶುರುವಾಗುತ್ತದೆ. ಹಿತ್ತಲಿನ ತಡೆಗೋಡೆ ಹೊಟ್ಟೆ ಬಿಟ್ಟುಕೊಂಡಿರುತ್ತದೆ, ಮಲಗುವ ಕೋಣೆಯ ಗೋಡೆಯಲ್ಲಿ ಓರೆ ಬಿರುಕು ಮೂಡಿರುತ್ತದೆ. ಗುತ್ತಿಗೆದಾರನನ್ನು ಕೇಳಿದರೆ "ಗುಡ್ಡದ ಮಣ್ಣು ಸಾರ್, ನಾವೇನ್ ಮಾಡೋಕಾಗುತ್ತೆ" ಎಂಬ ಉತ್ತರ. ಬೆಂಗಳೂರು, ಮೈಸೂರಿನಲ್ಲಿದ್ದುಕೊಂಡು ಊಟಿಯಲ್ಲೋ ಕೋಟಗಿರಿಯಲ್ಲೋ ಕಾಟೇಜು ಕೊಂಡವರಿಗೂ, ಗೂಡಲೂರು, ಮಸಿನಗುಡಿಯಲ್ಲೇ ಹುಟ್ಟಿ ಬೆಳೆದು ಸಾಲ ಮಾಡಿ ಮನೆ ಎಬ್ಬಿಸಿದವರಿಗೂ ತೊಡಕು ಒಂದೇ. ಮಣ್ಣು ಪರೀಕ್ಷೆಯ ವರದಿ, ಕಂಬಿ ಕಟ್ಟಿದ ನಕ್ಷೆ, ಕಾಂಕ್ರೀಟಿನ ಗಟ್ಟಿತನ ಅಳೆಯುವ ಕ್ಯೂಬ್ ಟೆಸ್ಟ್ ಫಲಿತಾಂಶ ಎಲ್ಲವೂ ಎದುರು ಪಕ್ಷದವರ ಬೀರುವಿನಲ್ಲಿ. ವಕೀಲರ ಬಳಿ ಹೋದರೆ ಅವರು ಮೊದಲು ಕೇಳುವುದೇ "ಕಾಗದ ಪತ್ರ ಏನಿದೆ?" ಎಂದು.

ಹಾಗಾದರೆ ನ್ಯಾಯಾಲಯದ ಮೂಲಕವೇ ಆ ಕಾಗದಗಳನ್ನು ತರಿಸಿ ನೋಡಿ, ಆಮೇಲೆ ಕೇಸು ಹಾಕಲು ಬರುವುದಿಲ್ಲವೇ? ಇಂಗ್ಲೆಂಡಿನಲ್ಲಿ ಬರುತ್ತದೆ. ಮುಂದೆ ವಾದಿ, ಪ್ರತಿವಾದಿ ಆಗಬಹುದಾದವರ ನಡುವೆ, ದಾವೆ ಹೂಡುವ ಮೊದಲೇ ಇಂತಿಂಥ ದಾಖಲೆ ತೋರಿಸು ಎಂದು ಆದೇಶಿಸುವ ಅಧಿಕಾರ ಅಲ್ಲಿನ ನ್ಯಾಯಾಲಯಗಳಿಗೆ ಇದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆ, 1908ರಲ್ಲಿ ಅಂಥ ಸಾಮಾನ್ಯ ಅವಕಾಶ ಇಲ್ಲ. ದಾಖಲೆ ತರಿಸುವ ಅಧಿಕಾರ ಆದೇಶ 11ರಲ್ಲಿ ಇದೆಯಾದರೂ ಅದು ದಾವೆ ದಾಖಲಾದ ಮೇಲಿನ ಮಾತು. ದಾವೆಯೇ ಇಲ್ಲದಿದ್ದರೆ ಯಾವ ಕಾಗದ ಪ್ರಸ್ತುತ, ಯಾವುದು ಅಲ್ಲ ಎಂದು ಅಳೆಯಲು ನ್ಯಾಯಾಧೀಶರ ಮುಂದೆ ವಾದಪತ್ರವಾಗಲಿ, ಉತ್ತರವಾಗಲಿ ಇರುವುದಿಲ್ಲ. ಸಿಕ್ಕಿದ್ದು ಸಿಗಲಿ ಎಂದು ಇನ್ನೊಬ್ಬರ ಕಪಾಟು ಜಾಲಾಡಲು ನ್ಯಾಯಾಲಯ ಅನುಮತಿ ಕೊಡುವುದಿಲ್ಲ.

ಮುಂಬಾಗಿಲು ಮುಚ್ಚಿದೆ ಎಂದ ಮಾತ್ರಕ್ಕೆ ಕೈಕಟ್ಟಿ ಕೂರಬೇಕಿಲ್ಲ. ಬೇರೆ ಬೇರೆ ಕಾಯ್ದೆಗಳಲ್ಲಿ ಪಕ್ಕದ ಬಾಗಿಲುಗಳಿವೆ. ಸರಿಯಾದ ಕ್ರಮದಲ್ಲಿ ತಟ್ಟಿದರೆ, ಬೇಕಾದ ದಾಖಲೆಗಳಲ್ಲಿ ಬಹುಪಾಲು ದಾವೆಗೆ ಮುಂಚೆಯೇ ಕೈಸೇರುತ್ತವೆ. ಉಳಿದದ್ದನ್ನು ದಾವೆಯ ಮೊದಲ ದಿನವೇ ಕೇಳಲು ನೆಲೆ ಸಿದ್ಧವಾಗುತ್ತದೆ.

ನೀಲಗಿರಿಯಲ್ಲಿ ಇದು ಏಕೆ ಹೆಚ್ಚು ಫಲ ಕೊಡುತ್ತದೆ

ಬಯಲು ಸೀಮೆಯಲ್ಲಿ ಒಂದು ಮನೆಗೆ ನಕ್ಷೆ ಮಂಜೂರಾತಿ ಸಿಕ್ಕರೆ ಸರ್ಕಾರಿ ಕಡತ ಬಹುತೇಕ ಮುಗಿದ ಹಾಗೆ. ಗುಡ್ಡಗಾಡು ಸಂರಕ್ಷಣಾ ಪ್ರಾಧಿಕಾರದ ನಿಯಮಕ್ಕೆ ಒಳಪಟ್ಟ ನೀಲಗಿರಿಯ ಕಡೆ ಹಾಗಲ್ಲ. ಕಟ್ಟಡದ ಸ್ಥಳ, ಗಾತ್ರ ನೋಡಿಕೊಂಡು ಅರಣ್ಯ ಇಲಾಖೆ, ಭೂವಿಜ್ಞಾನ ಮತ್ತು ಗಣಿ ಇಲಾಖೆ, ಕೃಷಿ ಎಂಜಿನಿಯರಿಂಗ್ ಇಲಾಖೆಗಳ ಅಭಿಪ್ರಾಯ ಕೇಳುತ್ತಾರೆ. ಗುಡ್ಡ ಕಡಿಯಲು ಜೆಸಿಬಿ ತರುವುದಕ್ಕೂ ಇಲ್ಲಿ ಅನುಮತಿ ಬೇಕು. ಇಳಿಜಾರು ಎಷ್ಟು, ಮಳೆನೀರು ಎಲ್ಲಿಗೆ ಹರಿಯಬೇಕು, ತಡೆಗೋಡೆ ಎಲ್ಲಿ ಕಟ್ಟಬೇಕು ಎಂಬ ಷರತ್ತುಗಳು ಇಂಥ ಕಡತಗಳಲ್ಲೇ ಇರುತ್ತವೆ. ಗುತ್ತಿಗೆದಾರ ತೋರಿಸದ ಕಾಗದದ ಪ್ರತಿ ಹಲವು ಸಲ ಸರ್ಕಾರಿ ಕಚೇರಿಯಲ್ಲಿ ಸಿಗುವುದು ಇದರಿಂದಲೇ.

ಇಷ್ಟು ಕಟ್ಟುಪಾಡು ಸುಮ್ಮನೆ ಬಂದದ್ದಲ್ಲ. 2009ರ ನವೆಂಬರಿನ ಭೂಕುಸಿತಗಳಲ್ಲಿ ಈ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. 2024ರ ಫೆಬ್ರುವರಿಯಲ್ಲಿ ಊಟಿ ಬಳಿಯ ಲವ್‌ಡೇಲ್‌ನಲ್ಲಿ ತಡೆಗೋಡೆಯ ಕೆಲಸ ನಡೆಯುತ್ತಿದ್ದಾಗ ಕುಸಿತವಾಗಿ 6 ಮಹಿಳಾ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಇನ್ನು, ದಾಖಲೆ ಇಲ್ಲದವನ ಪಾಡು ಏನಾಗುತ್ತದೆಂದು ಮಸಿನಗುಡಿ ಕಂಡಿದೆ. ಅದರ ಸುತ್ತಲಿನ ಸೀಗೂರು ಆನೆ ಕಾರಿಡಾರ್ ಪ್ರಕರಣದಲ್ಲಿ 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಅನುಮತಿ ಇದೆ ಎನ್ನುವ ರೆಸಾರ್ಟುಗಳು ಜಿಲ್ಲಾಧಿಕಾರಿಗೆ ಕಾಗದ ತೋರಿಸಲಿ ಎಂದಿತು. ಕೊಟ್ಟ ಗಡುವು ತೀರಾ ಚಿಕ್ಕದು. ಕಾಗದ ಸರಿಯಿಲ್ಲದ ಕಟ್ಟಡಗಳಿಗೆ ಬೀಗಮುದ್ರೆ ಬಿತ್ತು. 2020ರ ಅಕ್ಟೋಬರ್ 14ರಂದು ಅದೇ ನ್ಯಾಯಾಲಯ ಕಾರಿಡಾರನ್ನು ಎತ್ತಿಹಿಡಿಯಿತು.

ಈಗ ಹಂತಗಳಿಗೆ ಬರೋಣ.

1. ನಿಮ್ಮ ಬಳಿ ಇರುವುದನ್ನು ಮೊದಲು ಜೋಡಿಸಿ

ಕರಾರು, ಎಸ್ಟಿಮೇಟ್, ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್, ಸಿಮೆಂಟು ಮತ್ತು ಕಂಬಿಯ ರಸೀದಿ, ವಾಟ್ಸಾಪ್ ಸಂದೇಶ ಎಲ್ಲವನ್ನೂ ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕಿ. ಸಂದೇಶ ಮತ್ತು ಫೋಟೊ ಇರುವ ಮೂಲ ಮೊಬೈಲನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಕೊಡುವಾಗ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಅದರ ಎರಡನೇ ಭಾಗಕ್ಕೆ ತಜ್ಞರು ಸಹಿ ಹಾಕಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟ್ ತೆಗೆದು ಇಟ್ಟುಕೊಂಡರೆ ಸಾಲದು.

2. ರಿಪೇರಿಗೆ ಮೊದಲು ಎಂಜಿನಿಯರ್ ವರದಿ ಮಾಡಿಸಿ

ಕಟ್ಟಿದವರಿಗೂ ನಿಮಗೂ ನಂಟಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಯಾವ ದಾಖಲೆ ಕೇಳಬೇಕೆಂದು ಗೊತ್ತಾಗುವುದು ಅವರ ವರದಿಯಿಂದಲೇ. ತಡೆಗೋಡೆಯನ್ನೇ ತೆಗೆದುಕೊಳ್ಳಿ. ಗೋಡೆಯ ಹಿಂದೆ ನಿಂತ ಮಳೆನೀರು ಹೊರಬರಲು ಅಲ್ಲಲ್ಲಿ ತೂತು ಬಿಟ್ಟು ಪೈಪು ಕೂರಿಸಬೇಕು, ಹಿಂಬದಿಗೆ ಜಲ್ಲಿ ತುಂಬಬೇಕು. ತೂತೇ ಇಲ್ಲದಿದ್ದರೆ ನೀರಿನ ಒತ್ತಡಕ್ಕೆ ಗೋಡೆ ಮುಂದಕ್ಕೆ ಬಾಗುತ್ತದೆ. ನಕ್ಷೆಯಲ್ಲಿ ತೂತು ಇದ್ದು ಗೋಡೆಯಲ್ಲಿ ಇಲ್ಲ ಎಂದರೆ ತಪ್ಪು ಕಟ್ಟಿದವನದು. ನಕ್ಷೆಯಲ್ಲೇ ಇಲ್ಲ ಎಂದರೆ ವಿನ್ಯಾಸ ಮಾಡಿದವನನ್ನೂ ಕೇಳಬೇಕಾಗುತ್ತದೆ. ಯಾರ ಮೇಲೆ ಕೇಸು ಎಂಬುದು ಒಂದು ನಕ್ಷೆಯಿಂದ ತೀರ್ಮಾನವಾಗುವುದು ಹೀಗೆ. ಬಿರುಕಿನ ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲು ಇಡಿ. ಕೆಲವು ವಾರ ಬಿಟ್ಟು ಅದೇ ಜಾಗದಿಂದ ಮತ್ತೆ ತೆಗೆಯಿರಿ.

3. ಎದುರು ಪಕ್ಷಕ್ಕೆ ಲಿಖಿತ ಬೇಡಿಕೆ ಕಳಿಸಿ

ಅವರು ಕೊಡುವುದಿಲ್ಲ ಎಂದು ಗೊತ್ತಿದ್ದರೂ ಕೇಳಬೇಕು. ತನ್ನ ಕೈಯಲ್ಲಿರುವ ಸಾಕ್ಷ್ಯವನ್ನು ಒಬ್ಬ ಪಕ್ಷಗಾರ ಮುಚ್ಚಿಟ್ಟರೆ, ಅದು ಹೊರಬಂದಿದ್ದರೆ ಅವನಿಗೇ ವಿರುದ್ಧವಾಗುತ್ತಿತ್ತು ಎಂದು ನ್ಯಾಯಾಲಯ ಭಾವಿಸಬಹುದು. ಸಾಕ್ಷ್ಯ ಅಧಿನಿಯಮದ 119ನೇ ಕಲಮಿನ ಉದಾಹರಣೆಯಲ್ಲೇ ಇದಿದೆ. ಕೇಳಿದ್ದಕ್ಕೆ ಪುರಾವೆ ಇದ್ದರೆ ಆ ವಾದಕ್ಕೆ ಬಲ. ಪತ್ರ ಹೀಗಿರಲಿ:

"ದಿನಾಂಕ … ರ ಕರಾರಿನಂತೆ ನೀವು ಕಟ್ಟಿದ … ಸರ್ವೆ ನಂಬರಿನ ಮನೆಯ ತಡೆಗೋಡೆ ಮತ್ತು ಪೂರ್ವದ ಗೋಡೆಯಲ್ಲಿ ದೋಷ ಕಂಡಿದೆ. ಕೆಳಗಿನ ದಾಖಲೆಗಳ ಪ್ರತಿಯನ್ನು 15 ದಿನದೊಳಗೆ ಕೊಡಿ: ಮಣ್ಣು ಪರೀಕ್ಷೆ ವರದಿ, ತಡೆಗೋಡೆಯ ಸ್ಟ್ರಕ್ಚರಲ್ ನಕ್ಷೆ, 7 ಮತ್ತು 28 ದಿನಗಳ ಕ್ಯೂಬ್ ಟೆಸ್ಟ್ ಫಲಿತಾಂಶ, ಕಂಬಿ ಖರೀದಿ ಬಿಲ್ಲು, ಅಳತೆ ಪುಸ್ತಕ, ಜೆಸಿಬಿ ಬಳಕೆಗೆ ಪಡೆದ ಅನುಮತಿ. ಈ ದಾಖಲೆಗಳನ್ನು ನಾಶ ಮಾಡದೆ ಕಾಪಾಡಿ ಇಡತಕ್ಕದ್ದು. ಸ್ಥಳ ಪರಿಶೀಲನೆಗೆ ನೀವು ಬರುವುದಾದರೆ ದಿನ ತಿಳಿಸಿ."

ಬೈಗುಳ ಬೇಡ, ಬೆದರಿಕೆ ಬೇಡ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಮತ್ತು ತಲುಪಿದ ದಾಖಲೆ ಇಟ್ಟುಕೊಳ್ಳಿ. ಇಮೇಲಿಗೂ ಹಾಕಿ.

4. ಸರ್ಕಾರಿ ಕಡತ: ಮಾಹಿತಿ ಹಕ್ಕು ಮತ್ತು ದೃಢೀಕೃತ ಪ್ರತಿ

ಮಾಹಿತಿ ಹಕ್ಕು ಕಾಯ್ದೆ, 2005ರ ಅರ್ಜಿಗೆ ತಮಿಳುನಾಡಿನಲ್ಲಿ ಶುಲ್ಕ 10 ರೂಪಾಯಿ. ಏಕೆ ಬೇಕು ಎಂಬ ಕಾರಣ ಹೇಳಬೇಕಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಅರ್ಜಿ ತಪ್ಪಿ ಬೇರೆ ಕಚೇರಿಗೆ ಹೋದರೂ ಅವರೇ 5 ದಿನದೊಳಗೆ ಸರಿಯಾದ ಕಡೆಗೆ ದಾಟಿಸಬೇಕು. ಉತ್ತರ ಬಾರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು.

ಕೇಳಬೇಕಾದ್ದು: ಮಂಜೂರಾದ ನಕ್ಷೆ, ಅನುಮತಿಯ ಷರತ್ತು, ಮೇಲೆ ಹೇಳಿದ ಮೂರೂ ಇಲಾಖೆಗಳ ಅಭಿಪ್ರಾಯ ಪತ್ರ, ಸ್ಥಳ ತನಿಖೆಯ ಟಿಪ್ಪಣಿ, ಕಾಮಗಾರಿ ನಿಲ್ಲಿಸಲು ಕೊಟ್ಟ ನೋಟಿಸು ಇದ್ದರೆ ಅದು. ಪಟ್ಟಣದಲ್ಲಾದರೆ ನಗರಸಭೆ ಅಥವಾ ಪಟ್ಟಣ ಪಂಚಾಯಿತಿಗೆ, ಮಸಿನಗುಡಿಯಂಥ ಹಳ್ಳಿಯಾದರೆ ಗ್ರಾಮ ಪಂಚಾಯಿತಿಗೆ, ನಗರ ಮತ್ತು ಗ್ರಾಮ ಯೋಜನಾ ಇಲಾಖೆಗೂ ಪ್ರತ್ಯೇಕವಾಗಿ ಹಾಕಿ. ಅದು ಸರ್ಕಾರಿ ಕಾಮಗಾರಿಯೇ ಆಗಿದ್ದರೆ ಇನ್ನೂ ಒಂದು ಅನುಕೂಲವಿದೆ. ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಈ ಕಾಯ್ದೆಯ ಅರ್ಥದಲ್ಲಿ ಮಾಹಿತಿ ಹಕ್ಕೇ.

ಭಾಷೆಯ ವಿಷಯ ಗಮನಿಸಿ. ಅರ್ಜಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಇರಬೇಕು. ನೀಲಗಿರಿಯಲ್ಲಿ ಆ ಭಾಷೆ ತಮಿಳು. ಕನ್ನಡದಲ್ಲಿ ಬರೆದರೆ ವಾಪಸು ಬಂದೀತು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರಹಕ್ಕಿಳಿಸಲು ನೆರವಾಗುವುದು ಮಾಹಿತಿ ಅಧಿಕಾರಿಯ ಕರ್ತವ್ಯ.

ಜಮೀನಿನ ಕಂದಾಯ ದಾಖಲೆಗಳಾದ ಪಟ್ಟಾ, ಚಿಟ್ಟಾ, ಅಳತೆ ನಕ್ಷೆಯನ್ನು ತಮಿಳುನಾಡು ಸರ್ಕಾರದ ಆನ್‌ಲೈನ್ ಸೇವೆಯಲ್ಲಿ, ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಜಾಲತಾಣದಲ್ಲಿ ತೆಗೆಯಬಹುದು. ನ್ಯಾಯಾಲಯಕ್ಕೆ ಹಾಜರುಪಡಿಸಲು ಸಾರ್ವಜನಿಕ ದಾಖಲೆಗಳ ದೃಢೀಕೃತ ಪ್ರತಿಯನ್ನೇ ಕೇಳಿ. ಶುಲ್ಕ ಕಟ್ಟಿದರೆ ಕೊಡಬೇಕೆಂದು ಸಾಕ್ಷ್ಯ ಅಧಿನಿಯಮದ 75ನೇ ಕಲಮು ಹೇಳುತ್ತದೆ.

5. ಬಿಲ್ಡರಿಂದ ಕೊಂಡಿದ್ದರೆ ರೇರಾ

ಜಾಗ 500 ಚದರ ಮೀಟರ್ ಮೀರಿದ್ದು, ಮನೆಗಳು 8ಕ್ಕಿಂತ ಹೆಚ್ಚಿದ್ದರೆ ಆ ಯೋಜನೆ ತಮಿಳುನಾಡಿನ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಿರಬೇಕು. ಹಾಗಿದ್ದರೆ ಮಂಜೂರಾದ ನಕ್ಷೆ, ಅನುಮತಿಗಳ ವಿವರ ಪ್ರಾಧಿಕಾರದ ಜಾಲತಾಣದಲ್ಲೇ ಇರಬೇಕು. 2016ರ ರೇರಾ ಕಾಯ್ದೆಯ 19ನೇ ಕಲಮು ನಕ್ಷೆ, ಕಾಮಗಾರಿಯ ವೇಳಾಪಟ್ಟಿ ಕೇಳುವ ಹಕ್ಕನ್ನು, ಸ್ವಾಧೀನ ಸಿಕ್ಕ ಮೇಲೆ ಅಗತ್ಯ ದಾಖಲೆಗಳನ್ನು ಪಡೆಯುವ ಹಕ್ಕನ್ನು ಕೊಂಡವರಿಗೆ ಕೊಟ್ಟಿದೆ. ಅಂದರೆ ಇಲ್ಲಿ ದಾಖಲೆ ಕೇಳುವುದೇ ಒಂದು ಸ್ವತಂತ್ರ ಹಕ್ಕು. ಕೊಡದಿದ್ದರೆ ಪ್ರಾಧಿಕಾರಕ್ಕೆ ದೂರು ಕೊಡಬಹುದು. 35ನೇ ಕಲಮಿನಂತೆ ದಾಖಲೆ ತರಿಸುವ ಸಿವಿಲ್ ನ್ಯಾಯಾಲಯದ ಅಧಿಕಾರ ಅದಕ್ಕಿದೆ. ದಾವೆಗೆ ಮೊದಲೇ ದಾಖಲೆ ತರಿಸುವ ಆದೇಶಕ್ಕೆ ನಮ್ಮಲ್ಲಿ ತೀರ ಹತ್ತಿರದ ದಾರಿ ಇದೇ. ಸ್ವಾಧೀನ ಪಡೆದ 5 ವರ್ಷದೊಳಗೆ ಕಂಡ ರಚನಾ ದೋಷವನ್ನು ತಿಳಿಸಿದ 30 ದಿನದಲ್ಲಿ ಬಿಲ್ಡರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು ಎಂಬ 14ನೇ ಕಲಮನ್ನೂ ನೆನಪಿಡಿ.

ನಿಮ್ಮದೇ ನಿವೇಶನದಲ್ಲಿ ಗುತ್ತಿಗೆದಾರನಿಂದ ಮನೆ ಕಟ್ಟಿಸಿದ್ದರೆ ಮಾತ್ರ ರೇರಾ ಅನ್ವಯಿಸದು. ಆಗ ಮುಂದಿನ ದಾರಿ.

6. ಗ್ರಾಹಕ ಆಯೋಗ

ಮನೆ ಕಟ್ಟಿಕೊಡುವುದು "ಸೇವೆ" ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಸ್ಪಷ್ಟವಾಗಿ ಹೇಳುತ್ತದೆ. ನೀವು ಕೊಟ್ಟ ಹಣ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗಕ್ಕೆ ಹೋಗಬಹುದು. ದಾಖಲೆ ತರಿಸುವ ಅಧಿಕಾರ ಆಯೋಗಕ್ಕೂ ಇದೆ. ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದಾದ್ದರಿಂದ, ಬೆಂಗಳೂರಿನಲ್ಲಿರುವವರು ಪ್ರತಿ ವಾಯಿದೆಗೂ ಘಾಟಿ ಹತ್ತಬೇಕಿಲ್ಲ. ಕರಾರಿನಲ್ಲಿ ಆರ್ಬಿಟ್ರೇಷನ್ (ಮಧ್ಯಸ್ಥಿಕೆ) ಷರತ್ತು ಇದ್ದರೂ ಗ್ರಾಹಕ ದೂರಿಗೆ ಅದು ಅಡ್ಡಿಯಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ವ್ಯಾಪಾರಕ್ಕೆಂದು ರೆಸಾರ್ಟು ಕಟ್ಟಿಸಿದವರನ್ನು ಸಾಮಾನ್ಯವಾಗಿ ಗ್ರಾಹಕರೆಂದು ಪರಿಗಣಿಸುವುದಿಲ್ಲ.

7. ಆರ್ಬಿಟ್ರೇಷನ್ ಷರತ್ತು ಇದ್ದರೆ 9ನೇ ಕಲಮು

ಗುತ್ತಿಗೆದಾರರು, ರೆಸಾರ್ಟ್ ಮಾಲೀಕರು ಈ ದಾರಿ ನೋಡಬೇಕು. ಆರ್ಬಿಟ್ರೇಷನ್ ಶುರುವಾಗುವ ಮೊದಲೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ, ವಿವಾದದ ಕಟ್ಟಡವನ್ನು ಇದ್ದ ಹಾಗೇ ಉಳಿಸಲು, ಪರಿಶೀಲಿಸಲು, ಮಾದರಿ ತೆಗೆಯಲು ಆದೇಶ ಕೇಳಲು 1996ರ ಆರ್ಬಿಟ್ರೇಷನ್ ಕಾಯ್ದೆಯ 9ನೇ ಕಲಮಿನಲ್ಲಿ ಅವಕಾಶವಿದೆ. ಆದೇಶ ಸಿಕ್ಕರೆ 90 ದಿನದೊಳಗೆ ಆರ್ಬಿಟ್ರೇಷನ್ ಆರಂಭಿಸಲೇಬೇಕು. ವಸ್ತುವನ್ನು ಕಾಪಾಡುವುದು ಈ ಕಲಮಿನ ಉದ್ದೇಶ. ಎದುರಿನವರ ಕಡತವನ್ನೆಲ್ಲ ತೆರೆಸಲು ಇದನ್ನು ಬಳಸಹೊರಟರೆ ಅರ್ಜಿ ಬಿದ್ದುಹೋಗಬಹುದು.

8. ಸಿವಿಲ್ ದಾವೆ: ಮೊದಲ ದಿನವೇ ಅರ್ಜಿ

ಬೇರೆ ದಾರಿ ಇಲ್ಲದೆ ಸಿವಿಲ್ ದಾವೆಯೇ ಆದರೆ, ವಾದಪತ್ರದಲ್ಲಿ ನಿಮ್ಮ ಬಳಿ ಇಲ್ಲದ ದಾಖಲೆಗಳನ್ನೂ ಪಟ್ಟಿ ಮಾಡಿ, ಅವು ಯಾರ ಕೈಯಲ್ಲಿವೆ ಎಂದು ಬರೆಯಿರಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 14 ಇದನ್ನೇ ಬಯಸುತ್ತದೆ. ಕಟ್ಟಡದ ಸ್ಥಿತಿ ದಾಖಲಿಸಲು ಆದೇಶ 26, ನಿಯಮ 9ರಂತೆ ಅಡ್ವೊಕೇಟ್ ಕಮಿಷನರ್ ನೇಮಕಕ್ಕೆ ದಾವೆಯ ಜೊತೆಗೇ ಅರ್ಜಿ ಹಾಕಿ. ಎಂಜಿನಿಯರ್ ನೆರವು ಪಡೆಯಲು ಕಮಿಷನರಿಗೆ ಅವಕಾಶ ಕೊಡುವಂತೆ ಅದರಲ್ಲೇ ಕೇಳಿ. ದಾಖಲೆಗಳಿಗೆ ಆದೇಶ 11ರ ನಿಯಮ 12 ಮತ್ತು 14ರ ಅರ್ಜಿ. ಆದೇಶ ಬಂದರೂ ಪ್ರತಿವಾದಿ ಕೊಡದಿದ್ದರೆ ನಿಯಮ 21ರಂತೆ ಅವರ ಪ್ರತಿವಾದವನ್ನೇ ತೆಗೆದುಹಾಕಬಹುದು.

ಕಟ್ಟಡ ಗುತ್ತಿಗೆಯ ವಿವಾದ 3 ಲಕ್ಷ ರೂಪಾಯಿ ಅಥವಾ ಮೇಲ್ಪಟ್ಟದ್ದಾಗಿ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ, 2015ರ ವ್ಯಾಪ್ತಿಗೆ ಬಂದರೆ ನಿಯಮ ಇನ್ನೂ ಬಿಗಿ. ಎರಡೂ ಕಡೆಯವರು ತಮ್ಮ ಹಿಡಿತದಲ್ಲಿರುವ ಸಂಬಂಧಪಟ್ಟ ದಾಖಲೆಗಳನ್ನು, ತಮಗೆ ವಿರುದ್ಧವಾದವನ್ನೂ ಸೇರಿಸಿ, ಆರಂಭದಲ್ಲೇ ಹಾಜರುಪಡಿಸಬೇಕು. ತುರ್ತು ಮಧ್ಯಂತರ ಆದೇಶ ಬೇಕಿಲ್ಲದಿದ್ದರೆ ದಾವೆಗೆ ಮೊದಲು ರಾಜಿ ಸಂಧಾನ ಕಡ್ಡಾಯ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎದುರು ಪಕ್ಷ ಸರ್ಕಾರವಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನ ನೋಟಿಸು ಕೊಟ್ಟು 2 ತಿಂಗಳು ಕಾಯಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

• ದಾಖಲೆ ಬರಲಿ ಎಂದು ಕಾಯುತ್ತಾ ಕಾಲಮಿತಿ ಕಳೆದುಕೊಳ್ಳುವುದು. ಗ್ರಾಹಕ ದೂರಿಗೆ 2 ವರ್ಷ, ಕರಾರು ಉಲ್ಲಂಘನೆಯ ದಾವೆಗೆ 3 ವರ್ಷ. ಮಾಹಿತಿ ಹಕ್ಕಿನ ಅರ್ಜಿ ಬಾಕಿ ಇದೆ ಎಂದು ಈ ಗಡಿಯಾರ ನಿಲ್ಲುವುದಿಲ್ಲ.

• "ಎಲ್ಲ ದಾಖಲೆ ಕೊಡಿ" ಎಂದು ಕೇಳುವುದು. ದಾಖಲೆಯ ಹೆಸರು, ಸರ್ವೆ ನಂಬರು, ಅವಧಿ ಬರೆಯದ ಅರ್ಜಿಯನ್ನು ಕಚೇರಿಯೂ ತಳ್ಳುತ್ತದೆ, ನ್ಯಾಯಾಲಯವೂ ತಳ್ಳುತ್ತದೆ.

• ಪುರಾವೆ ದಾಖಲಿಸುವ ಮೊದಲೇ ಗೋಡೆ ಕೆಡವಿ ಕಟ್ಟಿಸುವುದು. ಜೀವಕ್ಕೆ ಅಪಾಯವಿದ್ದರೆ ಕೆಡವಲೇಬೇಕು. ಆದರೆ ಎದುರು ಪಕ್ಷಕ್ಕೆ ತಿಳಿಸಿ, ವಿಡಿಯೊ ಮಾಡಿ, ಮಾದರಿ ತೆಗೆದಿಟ್ಟು ಆಮೇಲೆ ಮುಟ್ಟಿ.

• ನನ್ನ ಪರ ಸಾಕ್ಷ್ಯ ಹುಡುಕಿಕೊಡಿ ಎಂಬ ಧಾಟಿಯಲ್ಲಿ ಕಮಿಷನರ್ ಅರ್ಜಿ ಬರೆಯುವುದು. ಸ್ಥಳದ ಸ್ಥಿತಿ ದಾಖಲಿಸಲು ಎಂದಿದ್ದರಷ್ಟೇ ಅದು ನಿಲ್ಲುತ್ತದೆ.

• ಕನ್ನಡದ ಕರಾರನ್ನು ಅನುವಾದವಿಲ್ಲದೆ ಊಟಿ, ಗೂಡಲೂರಿನ ನ್ಯಾಯಾಲಯಕ್ಕೆ ಕೊಡುವುದು. ಅಲ್ಲಿನ ಕಲಾಪ ತಮಿಳು, ಇಂಗ್ಲಿಷಿನಲ್ಲಿ ನಡೆಯುತ್ತದೆ. ಅನುವಾದವನ್ನು ಮೊದಲೇ ಮಾಡಿಸಿ.

ಎಚ್ಚರಿಕೆ

ಮೊದಲು ನಿಮ್ಮ ಕಾಗದವೇ ನೆಟ್ಟಗಿದೆಯೇ ನೋಡಿಕೊಳ್ಳಿ. ಮಂಜೂರಾದದ್ದಕ್ಕಿಂತ ಒಂದು ಮಹಡಿ ಹೆಚ್ಚು ಎಬ್ಬಿಸಿದ್ದರೆ, ನೀವು ತರಿಸುವ ಕಡತ ನಿಮ್ಮ ಮೇಲೂ ತಿರುಗುತ್ತದೆ. ಗೂಡಲೂರಿನಲ್ಲಿ 1969ರ ಜನ್ಮಂ ಎಸ್ಟೇಟು ರದ್ದತಿ ಕಾಯ್ದೆಗೆ ಒಳಪಟ್ಟ ಜಮೀನುಗಳ ಹಕ್ಕಿನ ವಿವಾದ ಇನ್ನೂ ಬಗೆಹರಿದಿಲ್ಲ. ಅಂಥ ಜಾಗದಲ್ಲಿ ಕಟ್ಟಿದವರು ವಕೀಲರಿಗೆ ಎಲ್ಲವನ್ನೂ ಬಿಚ್ಚಿ ಹೇಳಿದ ಮೇಲೆಯೇ ಮುಂದಡಿ ಇಡಬೇಕು.

ಕಚೇರಿಯ ಗುಮಾಸ್ತರಿಂದ ಕದ್ದುಮುಚ್ಚಿ ಪ್ರತಿ ಪಡೆಯಬೇಡಿ. ಗುತ್ತಿಗೆದಾರನ ಶೆಡ್ಡಿಗೆ ನುಗ್ಗಿ ಕಾಗದ ತರಬೇಡಿ. ಕ್ರಿಮಿನಲ್ ದೂರು ಬಿದ್ದರೆ ಕಟ್ಟಡದ ವಿಷಯ ಹಿಂದೆ ಬೀಳುತ್ತದೆ. ಮಾಹಿತಿ ಹಕ್ಕಿನಲ್ಲಿ ಬೇರೆಯವರ ವೈಯಕ್ತಿಕ ಮಾಹಿತಿ, ವ್ಯಾಪಾರದ ಗುಟ್ಟು ಸಿಗುವುದಿಲ್ಲ. ಸರ್ಕಾರಕ್ಕೆ ಸಲ್ಲಿಸಿದ ನಕ್ಷೆ ಮತ್ತು ಅನುಮತಿಯ ಮೇಲೆ ಗುರಿ ಇಡಿ.

ವಕೀಲರಿಗೆ ಹಣ ಹೊಂದಿಸಲಾಗದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಸಹಾಯವಾಣಿ 15100.

ಈ ಲೇಖನ ದಾರಿ ತೋರಿಸಲಷ್ಟೇ. ನಿಮ್ಮ ಕರಾರನ್ನು ಓದಿದ ವಕೀಲರ ಮಾತೇ ಅಂತಿಮ. ಆದರೆ ಅವರನ್ನು ಕಾಣುವ ಮೊದಲೇ ಮೂರು ಕೆಲಸ ನೀವೇ ಮಾಡಬಹುದು: ಫೈಲು ಜೋಡಿಸುವುದು, ಬೇಡಿಕೆ ಪತ್ರ ಕಳಿಸುವುದು, 10 ರೂಪಾಯಿಯ ಅರ್ಜಿ ಹಾಕುವುದು. ಈ ಮೂರನ್ನು ಇದೇ ವಾರ ಮುಗಿಸಿ. ಮುಂದಿನ ಮಳೆಗಾಲ ಬಂದರೆ ಬಿರುಕಿನ ಜೊತೆ ಪುರಾವೆಯೂ ಕೊಚ್ಚಿಹೋಗುತ್ತದೆ.